ಕಿರುಚಿತ್ರಕ್ಕೆ ಹಣ ಕೇಳುವಾಗ ಎದುರಾಗುವ ಅನುಮಾನಗಳಿಗೆ ಏನು ಉತ್ತರ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವನು. ಬೆಂಗಳೂರಿನಲ್ಲಿ ಕೆಲವು ವರ್ಷ ಸಹಾಯಕ ನಿರ್ದೇಶಕನಾಗಿ ದುಡಿದು, ಈಗ 22 ನಿಮಿಷದ ಸ್ವಂತ ಕಿರುಚಿತ್ರವೊಂದನ್ನು ಮಾಡಬೇಕೆಂದಿದ್ದೇನೆ. ಕಾಡಾನೆ ಓಡಾಡುವ ಊರಿನಲ್ಲಿ ರಾತ್ರಿಯಿಡೀ ಗದ್ದೆ ಕಾಯುವ ತಾಯಿ ಮತ್ತು ಮಗಳ ಕಥೆ. ₹4.5 ಲಕ್ಷ ಬೇಕು. ಕ್ರೌಡ್‌ಫಂಡಿಂಗ್ ಮೂಲಕ, ಅಂದರೆ ಹಲವರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಸೇರಿಸೋಣವೆಂದು ಊರಿನವರನ್ನು, ಹಾಸನದ ಪರಿಚಿತರನ್ನು ಕೇಳಿದರೆ ಮೂರು ಮಾತು ಬರುತ್ತವೆ: "ಇದರಿಂದ ನಮಗೇನು ಲಾಭ?", "ಯೂಟ್ಯೂಬಿಗೆ ಹಾಕೋ ಚಿತ್ರಕ್ಕೆ ಇಷ್ಟೊಂದು ಹಣ ಯಾಕೆ?", "ಹಿಂದೆ ಒಬ್ಬ ಹುಡುಗನಿಗೆ ಕೊಟ್ಟಿದ್ದೆವು, ಆ ಸಿನಿಮಾ ಬರಲೇ ಇಲ್ಲ." ಇವರನ್ನು ಹೇಗೆ ನಂಬಿಸಲಿ?

ಉತ್ತರ: ನಿಮಗೆ ಎದುರಾದ ಮೂರು ಮಾತುಗಳಲ್ಲಿ ಮೂರನೆಯದೇ ಮುಖ್ಯ; ಮೊದಲ ಎರಡು ಬಹಳ ಸಲ ಅದನ್ನೇ ಮರೆಯಲ್ಲಿಟ್ಟುಕೊಂಡು ಬರುತ್ತವೆ. ಕಿರುಚಿತ್ರಗಳ ನಿರ್ಮಾಣ ವ್ಯವಸ್ಥೆ ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಹಣ ಕೊಡಲು ಹಿಂಜರಿಯುವವರಲ್ಲಿ ಹೆಚ್ಚಿನವರಿಗೆ ಕಥೆಯ ಬಗ್ಗೆ ತಕರಾರಿರುವುದಿಲ್ಲ, ನಿಮ್ಮ ಪ್ರತಿಭೆಯ ಬಗ್ಗೆಯೂ ಇರುವುದಿಲ್ಲ. ಚಿತ್ರ ಮುಗಿಯುತ್ತದೆಯೇ, ಮುಗಿಯದಿದ್ದರೆ ಈ ಹುಡುಗ ನಮ್ಮ ಮುಂದೆ ಬಂದು ನಿಂತು ಉತ್ತರ ಹೇಳುತ್ತಾನೆಯೇ ಎಂಬುದಷ್ಟೇ ಅವರ ಪ್ರಶ್ನೆ. ಅದಕ್ಕೆ ಉತ್ಸಾಹದ ಮಾತಿನಿಂದ, ಚೆಂದದ ಪೋಸ್ಟರ್‌ನಿಂದ, ಹಿನ್ನೆಲೆ ಸಂಗೀತ ಹಾಕಿದ ಮನವಿ ವಿಡಿಯೊದಿಂದ ಉತ್ತರ ಸಿಗುವುದಿಲ್ಲ. ಹಣ ಯಾರ ಕೈಯಲ್ಲಿರುತ್ತದೆ, ಯಾವಾಗ ಯಾವುದಕ್ಕೆ ಖರ್ಚಾಗುತ್ತದೆ, ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಅವರು ತಾವೇ ಪರಿಶೀಲಿಸಬಹುದಾದ ರೀತಿಯಲ್ಲಿ ಮುಂದಿಟ್ಟರೆ ಸಿಗುತ್ತದೆ. ಹಾಗಾಗಿ ನಂಬಿಸುವುದು ಹೇಗೆ ಎಂಬ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮನ್ನು ಪರೀಕ್ಷಿಸಲು ಅವರಿಗೆ ಏನೇನು ಒದಗಿಸಬಹುದು ಎಂಬುದನ್ನು ಯೋಚಿಸಿ.

ನಮ್ಮ ಜಿಲ್ಲೆಯ ಜನ ಕಲೆಗೆ ಹಣ ಕೊಡುವುದಿಲ್ಲ ಎಂದು ಬೇಸರಪಟ್ಟುಕೊಳ್ಳಬೇಡಿ. ಹಾಸನದ ಬಯಲುಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಪಾತ್ರಕ್ಕೆ ಇಷ್ಟೆಂದು ತಮ್ಮ ಜೇಬಿನಿಂದಲೇ ಹಾಕಿ, ನಾಟಕದ ಮೇಷ್ಟರಿಗೆ, ಹಾರ್ಮೋನಿಯಂಗೆ, ಸೀನರಿಯವರಿಗೆ ಕೊಡುತ್ತಾರೆ; ಊರಿನವರು ವಂತಿಗೆ ಸೇರಿಸುತ್ತಾರೆ; ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೂ ಹಾಗೆಯೇ ಹಣ ಕೂಡುತ್ತದೆ. ಅಲ್ಲೆಲ್ಲ ಭಕ್ತಿ, ಅಭಿಮಾನಗಳ ಜೊತೆಗೆ ಬೇರೆ ಕೆಲವು ಅಂಶಗಳೂ ಇವೆ: ಸಮಿತಿಯಲ್ಲಿರುವವರು ಗುರುತಿನವರು, ಕೊಟ್ಟ ಹಣಕ್ಕೆ ರಸೀದಿ ಸಿಗುತ್ತದೆ, ಕೆಲಸ ಕಣ್ಣೆದುರೇ ನಡೆಯುತ್ತದೆ, ಕೊಟ್ಟವರ ಪಟ್ಟಿ ಗೋಡೆಯ ಮೇಲೆ ಬರುತ್ತದೆ. ನಿಮ್ಮ ಮನವಿಯಲ್ಲಿ ಈ ನಾಲ್ಕರಲ್ಲಿ ಎಷ್ಟಿವೆ ಎಂದು ನೋಡಿಕೊಳ್ಳಿ. ಬಹುಶಃ ಒಂದೂ ಇಲ್ಲ. ಒಂದು ಯುಪಿಐ ಕ್ಯೂಆರ್ ಕೋಡ್ ಮತ್ತು ನಿಮ್ಮ ಹೆಸರು ಮಾತ್ರ ಇದೆ.

ಹಣ ಕೇಳುವವರೆಲ್ಲ ಉದಾಹರಿಸುವ ಎರಡು ಚಿತ್ರಗಳನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಅವುಗಳಿಂದ ತಪ್ಪು ಪಾಠ ಕಲಿಯುವವರು ಬಹಳ. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ 'ಲೂಸಿಯಾ' ಚಿತ್ರಕ್ಕೆ 27 ದಿನಗಳಲ್ಲಿ 110 ಜನರಿಂದ ಸುಮಾರು ₹50 ಲಕ್ಷ ಸೇರಿತ್ತು. ಇದನ್ನು ಹೇಳಿ "ಕನ್ನಡಿಗರು ಕೊಡುತ್ತಾರೆ" ಎನ್ನುವವರು, ಆ ನಿರ್ದೇಶಕರ ಮೊದಲ ಚಿತ್ರ 2011ರಲ್ಲೇ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿತ್ತು, ಅದಕ್ಕೂ ಮೊದಲು ಅವರು ಬರಹಗಾರರಾಗಿ ಹೆಸರು ಮಾಡಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಕೊಟ್ಟವರಿಗೆ ಈತ ಚಿತ್ರ ಮುಗಿಸಬಲ್ಲ ಎಂಬುದು ಗೊತ್ತಿತ್ತು. ಇನ್ನೊಂದು, 1976ರ ಶ್ಯಾಮ್ ಬೆನಗಲ್ ಅವರ 'ಮಂಥನ್'. ಗುಜರಾತಿನ ಹಾಲು ಒಕ್ಕೂಟದ 5 ಲಕ್ಷ ರೈತರು ತಲಾ ₹2 ಕೊಟ್ಟು ಆ ಚಿತ್ರಕ್ಕೆ ನಿರ್ಮಾಪಕರಾದರು. ಆ ರೈತರು ನಿರ್ದೇಶಕರನ್ನು ನಂಬಿ ಕೊಟ್ಟರು ಎನ್ನುವುದಕ್ಕಿಂತ, ದಿನವೂ ತಾವು ಹಾಲು ಹಾಕುವ, ತಮ್ಮ ಪಾಸ್‌ಪುಸ್ತಕದ ಲೆಕ್ಕ ಇಟ್ಟಿದ್ದ ಸಂಘವನ್ನು ನಂಬಿ ಕೊಟ್ಟರು ಎನ್ನುವುದೇ ಸರಿ. ನಿಮಗೆ ಮೊದಲನೆಯವರ ಹೆಸರಿಲ್ಲ, ಎರಡನೆಯವರ ಸಂಘಟನೆಯೂ ಇಲ್ಲ. ಆದರೆ ಎರಡರಿಂದಲೂ ಸಣ್ಣ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದಾದದ್ದು ಇದೆ: ಮುಗಿಸಬಲ್ಲೆ ಎಂಬುದಕ್ಕೆ ಒಂದು ಪುರಾವೆ, ಮತ್ತು ಜನ ಈಗಾಗಲೇ ನಂಬಿರುವ ಒಬ್ಬರ ಕೈಯಲ್ಲಿ ಹಣದ ಹಿಡಿತ.

ಹಣದ ಹಿಡಿತದ ವಿಷಯವನ್ನು ಮೊದಲು ನೋಡೋಣ. ನಿಮ್ಮ ಸ್ವಂತ ಉಳಿತಾಯ ಖಾತೆಗೆ ಹಣ ತರಿಸಿಕೊಳ್ಳಬೇಡಿ. ಚಿತ್ರಕ್ಕೆಂದೇ ಪ್ರತ್ಯೇಕ ಖಾತೆ ತೆರೆದು, ಹಣ ತೆಗೆಯಲು ಇಬ್ಬರ ಸಹಿ ಬೇಕೆಂದು ಮಾಡಿ. ಎರಡನೆಯ ಸಹಿ ನಿಮ್ಮ ಗೆಳೆಯನದಾಗಲಿ, ಛಾಯಾಗ್ರಾಹಕನದಾಗಲಿ ಆಗಿರಬಾರದು. ಊರಿನಲ್ಲಿ ಲೆಕ್ಕಕ್ಕೆ ಹೆಸರಾದ, ಸಿನಿಮಾದ ಹಂಗಿಲ್ಲದ ಒಬ್ಬರದಾಗಿರಬೇಕು. ನಿವೃತ್ತ ಮುಖ್ಯೋಪಾಧ್ಯಾಯರು, ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು, ಬ್ಯಾಂಕಿನಿಂದ ನಿವೃತ್ತರಾದವರು ಯಾರಾದರೂ ಆಗಬಹುದು. ಇಂಥ ಜಂಟಿ ಸಹಿಯ ಖಾತೆಯಿಂದ ಸಾಮಾನ್ಯವಾಗಿ ಯುಪಿಐ ಪಾವತಿ ಮಾಡಲು ಬರುವುದಿಲ್ಲ. ಚೆಕ್ಕು ಅಥವಾ ನೆಫ್ಟ್ (ಬ್ಯಾಂಕ್ ವರ್ಗಾವಣೆ) ಮೂಲಕವೇ ಕೊಡಬೇಕಾಗುತ್ತದೆ. ಚಿತ್ರೀಕರಣದ ಗಡಿಬಿಡಿಯಲ್ಲಿ ಇದು ಕಿರಿಕಿರಿ ಅನ್ನಿಸುತ್ತದೆ ನಿಜ, ಆದರೆ ಪ್ರತಿ ಪಾವತಿಗೂ ದಾಖಲೆ ಉಳಿಯುತ್ತದೆ. ಕೈಖರ್ಚಿಗೆ ವಾರಕ್ಕೊಮ್ಮೆ ಒಂದು ಮೊತ್ತವನ್ನು ತೆಗೆದಿಟ್ಟುಕೊಂಡರೆ ಸಾಕಾಗುತ್ತದೆ. ನಿಮ್ಮನ್ನು ಅತಿ ಹೆಚ್ಚು ಪ್ರಶ್ನೆ ಕೇಳಿ ಸುಸ್ತು ಮಾಡಿದವರು ಯಾರೋ ಅವರನ್ನೇ ಲೆಕ್ಕ ನೋಡಲು ಕೇಳಿಕೊಳ್ಳುವುದು ನನ್ನ ಅನುಭವದಲ್ಲಿ ಬಹಳ ಒಳ್ಳೆಯ ಕ್ರಮ. ಅವರು ಒಪ್ಪಿಕೊಂಡರೆ, ಅವರನ್ನು ಬಲ್ಲ ಹತ್ತು ಮನೆಗಳಲ್ಲಿ ನೀವು ಹೆಚ್ಚಿನದೇನನ್ನೂ ಹೇಳಬೇಕಾಗಿಲ್ಲ.

ಇನ್ನು ಪುರಾವೆ. ನಿಮ್ಮ ಕಥೆ ಕೇಳಿದ ಯಾವ ಬೆಳೆಗಾರರಾದರೂ ಮೊದಲು ಕೇಳುವುದು "ಆನೆಯನ್ನು ಎಲ್ಲಿಂದ ತರ್ತೀಯಪ್ಪಾ?" ಎಂದೇ. ಈ ಪ್ರಶ್ನೆಗೆ ನೀವು ಮಾತಿನಲ್ಲಿ ಉತ್ತರ ಕೊಡಹೋದರೆ ಸೋಲುತ್ತೀರಿ. ಚಿತ್ರದಲ್ಲಿ ನಿಜವಾದ ಪ್ರಾಣಿಯನ್ನು ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು, ಮೀಸಲು ಅರಣ್ಯದೊಳಗೆ ಚಿತ್ರೀಕರಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ₹4.5 ಲಕ್ಷದಲ್ಲಿ ಆನೆಯನ್ನು ತೆರೆಯ ಮೇಲೆ ತರುವ ಆಸೆಯನ್ನು ಕೈಬಿಡುವುದೇ ವಿವೇಕ. ಆನೆ ಕಾಣಿಸಬೇಕಾಗಿಯೂ ಇಲ್ಲ. ಕತ್ತಲಲ್ಲಿ ಆನೆ ಬೈನೆ ಮರ ಸೀಳುವ ಸದ್ದು, ನಾಯಿ ಬೊಗಳುತ್ತ ಬೊಗಳುತ್ತ ಒಮ್ಮೆಲೇ ಸುಮ್ಮನಾಗುವುದು, ಅಟ್ಟಣೆಯ ಮೇಲೆ ಮಗಳು ಟಾರ್ಚ್ ಹಾಕಲು ಹೋದಾಗ ತಾಯಿ ಅವಳ ಕೈ ಹಿಡಿಯುವುದು: ಇಷ್ಟನ್ನು ಎರಡು ನಿಮಿಷದ ಒಂದು ದೃಶ್ಯವಾಗಿ ಈಗಲೇ ಚಿತ್ರೀಕರಿಸಿ. ಒಂದು ಕ್ಯಾಮೆರಾ, ಒಂದೆರಡು ದೀಪ, ಒಳ್ಳೆಯ ಮೈಕು, ಇಬ್ಬರು ಕಲಾವಿದರು, ಮನೆಯ ಹಿತ್ತಲು ಸಾಕು. ಆದರೆ ಸದ್ದಿನ ಕೆಲಸವನ್ನು ಮಾತ್ರ ಪೂರ್ತಿಯಾಗಿ ಮಾಡಿಸಿ, ಏಕೆಂದರೆ ನಿಮ್ಮ ಚಿತ್ರ ನಿಂತಿರುವುದೇ ಅದರ ಮೇಲೆ. ಆಲೂರು, ಸಕಲೇಶಪುರದ ಕಡೆಯವರಿಗೆ ಆ ಸದ್ದುಗಳು ಚೆನ್ನಾಗಿ ಗೊತ್ತು. ತಪ್ಪಿದ್ದರೆ ತಕ್ಷಣ ಹೇಳುತ್ತಾರೆ, ಸರಿಯಾಗಿದ್ದರೆ ಅವರ ಮುಖದಲ್ಲೇ ತಿಳಿಯುತ್ತದೆ. ಇಡೀ ಚಿತ್ರಕಥೆ ಓದಿ ಹೇಳಿದರೂ ಆಗದ ಕೆಲಸವನ್ನು ಈ ಎರಡು ನಿಮಿಷ ಮಾಡುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ. ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್ ತೆಗೆದುಕೊಂಡು ಹೋಗಿ, ಎದುರು ಕುಳಿತು ತೋರಿಸಿ, ಆಮೇಲೆ ಅವರು ಹೇಳುವುದನ್ನು ಬರೆದುಕೊಳ್ಳಿ.

ಇದೇ ಸಂದರ್ಭದಲ್ಲಿ ಬರುವ ಮತ್ತೊಂದು ಪ್ರಶ್ನೆಗೂ ಸಿದ್ಧರಾಗಿರಿ: ರಾತ್ರಿ ಚಿತ್ರೀಕರಣದ ಹೊತ್ತಿಗೆ ನಿಜವಾಗಿಯೇ ಆನೆ ಬಂದರೆ ಇಪ್ಪತ್ತು ಜನರ ಯೂನಿಟ್ ಏನು ಮಾಡುತ್ತದೆ? ಇದು ಅತ್ಯಂತ ನ್ಯಾಯವಾದ ಪ್ರಶ್ನೆ. ಜೀವ ಕಳೆದುಕೊಂಡವರ ಮನೆಗಳು ನಿಮ್ಮ ತಾಲ್ಲೂಕಿನಲ್ಲಿವೆ. ಆನೆ ಓಡಾಟವಿಲ್ಲದ ಕಡೆಯ ಗದ್ದೆಯನ್ನು ಆರಿಸಿಕೊಂಡಿದ್ದೇವೆ, ಗದ್ದೆಯ ಮಾಲೀಕರ ಲಿಖಿತ ಒಪ್ಪಿಗೆ ಇದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ಮೊದಲೇ ತಿಳಿಸಿ ಪ್ರತಿ ಸಂಜೆ ಹಿಂಡು ಎಲ್ಲಿದೆ ಎಂದು ವಿಚಾರಿಸುತ್ತೇವೆ, ಹತ್ತಿರ ಬಂದಿದೆಯೆಂದರೆ ಆ ರಾತ್ರಿಯ ಕೆಲಸ ರದ್ದು ಎಂದು ಬರೆದಿಟ್ಟುಕೊಳ್ಳಿ. ರದ್ದಾಗುವ ಒಂದು ರಾತ್ರಿಯ ಖರ್ಚನ್ನೂ ಬಜೆಟ್ಟಿನಲ್ಲಿ ತೋರಿಸಿ. ಹೀಗೆ ಯೋಚಿಸಿದವನು ಹಣವನ್ನೂ ಜೋಪಾನವಾಗಿಯೇ ನೋಡಿಕೊಳ್ಳುತ್ತಾನೆ ಎಂದು ಜನ ಲೆಕ್ಕ ಹಾಕುತ್ತಾರೆ, ಮತ್ತು ಆ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಈಗ "ಇದರಿಂದ ನಮಗೇನು ಲಾಭ?" ಎಂಬುದಕ್ಕೆ ಬರೋಣ. ಇಲ್ಲಿ ನಿಮಗೆ ನಾನು ಕೊಡಬಹುದಾದ ಎಚ್ಚರಿಕೆ ತುಂಬ ಗಂಭೀರವಾದದ್ದು. "ಚಿತ್ರೋತ್ಸವದಲ್ಲಿ ಬಹುಮಾನ ಬಂದರೆ ಪಾಲು ಕೊಡುತ್ತೇನೆ", "ಓಟಿಟಿಗೆ ಮಾರಾಟವಾದರೆ ಹಾಕಿದ್ದರ ಮೇಲೆ ಇಷ್ಟು ಸೇರಿಸಿ ಕೊಡುತ್ತೇನೆ" ಎಂದು ಯಾರಿಗೂ ಹೇಳಬೇಡಿ, ತಮಾಷೆಗೂ ಹೇಳಬೇಡಿ. ಸಾರ್ವಜನಿಕರಿಂದ ಹಣ ಪಡೆದು ಲಾಭದೊಡನೆ ಹಿಂದಿರುಗಿಸುವ ಭರವಸೆ ಕೊಟ್ಟರೆ ಅದು ವಂತಿಗೆಯಾಗಿ ಉಳಿಯುವುದಿಲ್ಲ. ನಿಯಂತ್ರಣಕ್ಕೊಳಪಡದ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ, ಠೇವಣಿದಾರರ ಹಿತರಕ್ಷಣೆಗಾಗಿ 2004ರಲ್ಲಿ ಆದ ಕರ್ನಾಟಕದ ಕಾಯ್ದೆ ಇವುಗಳ ವ್ಯಾಪ್ತಿಗೆ ಬರುವ ಅಪಾಯವಿದೆ. ಕಂಪನಿ ಮಾಡಿಕೊಂಡು ಷೇರು ಕೊಡುತ್ತೇನೆಂದರೂ, 2013ರ ಕಂಪನಿ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಒಂದು ಆರ್ಥಿಕ ವರ್ಷದಲ್ಲಿ 200 ಜನರಿಗಿಂತ ಹೆಚ್ಚಿನವರಿಗೆ ಷೇರು ನೀಡಲು ಬರುವುದಿಲ್ಲ, ಮತ್ತು ಅದನ್ನು ಸಾರ್ವಜನಿಕವಾಗಿ ಪ್ರಚಾರ ಮಾಡುವಂತೆಯೂ ಇಲ್ಲ. 22 ನಿಮಿಷದ ಚಿತ್ರಕ್ಕೆ ಇಂಥ ಗೋಜು ಬೇಡ.

ಅದಕ್ಕಿಂತ ಮುಖ್ಯವಾಗಿ, ಅದು ಸತ್ಯವೂ ಅಲ್ಲ. ಕಿರುಚಿತ್ರದಿಂದ ಹಾಕಿದ ಹಣ ವಾಪಸು ಬರುವುದು ತೀರ ಅಪರೂಪ. ಚೀಟಿ ಕಂಪನಿಗಳಲ್ಲಿ, ಹಣ ದ್ವಿಗುಣ ಮಾಡುವ ಯೋಜನೆಗಳಲ್ಲಿ ಕೈಸುಟ್ಟುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಲಾಭದ ಮಾತು ಆಡಿದ ಕೂಡಲೇ ನೀವು ಅವರ ಮನಸ್ಸಿನಲ್ಲಿ ಆ ಸಾಲಿಗೆ ಸೇರಿಬಿಡುತ್ತೀರಿ. "ಲಾಭ ಇಲ್ಲ, ಅಸಲೂ ವಾಪಸು ಬರುವುದಿಲ್ಲ, ಇದನ್ನು ತಿಳಿದೇ ಕೊಡಿ" ಎಂದು ಮೊದಲ ಮಾತಿನಲ್ಲೇ ಹೇಳಿದರೆ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಅವರು ಲಾಭದ ಆಸೆಯಿಂದ ಕೊಟ್ಟಿದ್ದರೆ ಮುಂದಿನ ವರ್ಷ ನಿಮಗೆ ಅವರಿಂದ ಬರುತ್ತಿದ್ದ ತೊಂದರೆ ದೊಡ್ಡದಿರುತ್ತಿತ್ತು. ಉಳಿದವರು, ಈತ ಸುಳ್ಳು ಹೇಳುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೂ ಹತ್ತು ನಿಮಿಷ ಕುಳಿತು ಕೇಳುತ್ತಾರೆ.

ತೆರಿಗೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ನಿಮಗೆ ಉಡುಗೊರೆಯಾಗಿ ಬಂದ ಹಣ ಒಟ್ಟು ₹50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಪ್ರತಿಫಲ ಕೊಟ್ಟು ಪಡೆದ ಹಣವನ್ನು ವೃತ್ತಿ ಆದಾಯವೆಂದು ತೋರಿಸಿ ಖರ್ಚನ್ನು ಕಳೆಯುವ ದಾರಿಯನ್ನು ಹಣ ಸೇರಿಸುವುದಕ್ಕೆ ಮೊದಲೇ ಹಾಸನದ ಯಾರಾದರೂ ಲೆಕ್ಕ ಪರಿಶೋಧಕರ ಬಳಿ ಕೇಳಿಕೊಳ್ಳಿ. ಕೊಟ್ಟವರಿಗೆ ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿ (80ಜಿ ಎಂದು ಹೆಸರಾದದ್ದು) ಸಿಗುತ್ತದೆ ಎಂದು ಹೇಳಬೇಡಿ. ನಿಮ್ಮಂಥ ವ್ಯಕ್ತಿಗೆ ಕೊಟ್ಟ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿರುವ ಊರಿನ ಮಕ್ಕಳು ಕೊಡುವುದಾದರೆ, ಅವರು ಇನ್ನೂ ಭಾರತದ ಪಾಸ್‌ಪೋರ್ಟ್ ಉಳ್ಳವರೇ ಅಥವಾ ಆ ದೇಶದ ಪೌರತ್ವ ಪಡೆದವರೇ ಎಂದು ವಿಚಾರಿಸಿ, ಏಕೆಂದರೆ ವಿದೇಶಿ ಪೌರರ ಹಣಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕಟ್ಟುಪಾಡುಗಳಿವೆ. ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ಜಾಲತಾಣದಲ್ಲಿ ಭಾರತದಲ್ಲಿ ನೆಲೆಸಿದವರು ಯೋಜನೆ ಆರಂಭಿಸಲು ಅವಕಾಶವಿಲ್ಲ. ಆದರೆ ಗುರಿ ಮುಟ್ಟಿದರೆ ಮಾತ್ರ ಹಣ ತೆಗೆದುಕೊಳ್ಳುವ, ಮುಟ್ಟದಿದ್ದರೆ ಯಾರ ಹಣವನ್ನೂ ಇಟ್ಟುಕೊಳ್ಳದ ಅದರ ನಿಯಮವನ್ನು ನೀವು ಯಾವ ವೇದಿಕೆಯಲ್ಲಿದ್ದರೂ, ನೇರವಾಗಿ ಸಂಗ್ರಹಿಸಿದರೂ ಸ್ವಯಂ ಪಾಲಿಸಬಹುದು. ಅನುಮಾನವುಳ್ಳವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಅರ್ಧ ಹಣ ಸೇರಿದ ಚಿತ್ರವೇ ಅರ್ಧಕ್ಕೆ ನಿಲ್ಲುವ ಚಿತ್ರ ಎಂಬುದು ಅವರಿಗೆ ಗೊತ್ತು.

"ಇಷ್ಟೊಂದು ಹಣ ಯಾಕೆ?" ಎಂಬುದಕ್ಕೆ ಬಜೆಟ್ಟೇ ಉತ್ತರ, ಆದರೆ ಓದಲು ಬರುವ ಬಜೆಟ್ಟು. "ಪ್ರೊಡಕ್ಷನ್ ವೆಚ್ಚ ₹2,60,000" ಎಂಬ ಒಂದು ಸಾಲು ಯಾರಿಗೂ ಏನನ್ನೂ ಹೇಳುವುದಿಲ್ಲ, ಅನುಮಾನವನ್ನೇ ಹೆಚ್ಚಿಸುತ್ತದೆ. ಊಟದ ಸಾಲನ್ನು ಹೀಗೆ ಬರೆಯಿರಿ: 22 ಜನ, 5 ದಿನ, ಎರಡು ಊಟ, ಒಂದು ತಿಂಡಿ ಮತ್ತು ರಾತ್ರಿಯ ಕಾಫಿ ಸೇರಿ ತಲಾ ದಿನಕ್ಕೆ ₹350, ಒಟ್ಟು ₹38,500. ತೋಟದ ಕೆಲಸಗಾರರಿಗೆ ಊಟ ಹಾಕಿ ಗೊತ್ತಿರುವ, ಮದುವೆಗೆ ಅಡುಗೆಯವರನ್ನು ಮಾತಾಡಿಸಿ ಗೊತ್ತಿರುವ ಯಾರೇ ಆದರೂ ಈ ಸಾಲನ್ನು ತಮ್ಮ ಅನುಭವದಿಂದಲೇ ತೂಗಿ ನೋಡಬಲ್ಲರು. "350ಕ್ಕೆ ಆಗಲ್ಲ, ನಮ್ಮನೇಲೇ ಅಡುಗೆ ಮಾಡಿಸು, ಅಕ್ಕಿ ನಾವು ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಆಶ್ಚರ್ಯಪಡಬೇಡಿ. ಒಂದು ಸಾಲನ್ನು ಪರೀಕ್ಷಿಸಿ ಸರಿ ಎಂದು ಕಂಡುಕೊಂಡವರು, ತಮಗೆ ಗೊತ್ತಿಲ್ಲದ ಲೆನ್ಸ್ ಬಾಡಿಗೆಯ ಸಾಲನ್ನೂ ನಂಬುತ್ತಾರೆ. ಜನರೇಟರ್ ಮತ್ತು ಡೀಸೆಲ್, ಜೀಪಿನ ಬಾಡಿಗೆ, ಹೋಮ್‌ಸ್ಟೇ ಕೊಠಡಿಗಳು, ಕಲಾವಿದರ ಮತ್ತು ತಂತ್ರಜ್ಞರ ಸಂಭಾವನೆ, ಹೀಗೆ ಎಲ್ಲವನ್ನೂ ಎಣಿಸಿ ನೋಡಬಹುದಾದ ರೀತಿಯಲ್ಲಿ ಬರೆಯಿರಿ. ನಿಮ್ಮ ಸ್ವಂತ ಸಂಭಾವನೆ ಎಷ್ಟು ಎಂಬುದನ್ನೂ ಬರೆಯಿರಿ. ಅದು ಸೊನ್ನೆಯಾಗಿದ್ದರೆ ಸೊನ್ನೆ ಎಂದು, ಐದು ತಿಂಗಳ ಬದುಕಿಗೆ ಒಂದಿಷ್ಟು ಬೇಕಿದ್ದರೆ ಅಷ್ಟು ಎಂದು. ಬರೆಯದೆ ಬಿಟ್ಟರೆ ಜನ ತಾವೇ ಒಂದು ಅಂಕಿಯನ್ನು ಊಹಿಸಿಕೊಳ್ಳುತ್ತಾರೆ.

ಹಿಂದಿನ ಹುಡುಗನ ಚಿತ್ರದ ವಿಷಯ. ಅವನ ಬಗ್ಗೆ ಒಂದೂ ಕೆಟ್ಟ ಮಾತು ಆಡಬೇಡಿ. ಸಾಧ್ಯವಾದರೆ ಅವನನ್ನೇ ಭೇಟಿಯಾಗಿ, ಎಲ್ಲಿ ನಿಂತಿತು ಎಂದು ಕೇಳಿ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಮೋಸಕ್ಕಿಂತ ಹೆಚ್ಚಾಗಿ ಕಂಡಿರುವುದು ಒಂದೇ ಕಥೆ: ಚಿತ್ರೀಕರಣ ಮುಗಿಯುವಷ್ಟರಲ್ಲಿ ಹಣವೂ ಮುಗಿದಿರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಎಲ್ಲ ದೃಶ್ಯಗಳೂ ಇರುತ್ತವೆ, ಎಡಿಟಿಂಗ್‌ಗೆ, ಧ್ವನಿ ಮಿಶ್ರಣಕ್ಕೆ, ದೃಶ್ಯಗಳ ಬಣ್ಣ ಹದಗೊಳಿಸುವ ಕಲರ್ ಗ್ರೇಡಿಂಗ್‌ಗೆ ಕೊಡಲು ಏನೂ ಇರುವುದಿಲ್ಲ. ಗೆಳೆಯ ಬಿಡುವಾದಾಗ ಎಡಿಟ್ ಮಾಡುತ್ತೇನೆ ಎಂದಿರುತ್ತಾನೆ, ಬಿಡುವು ಬರುವುದಿಲ್ಲ. ವರ್ಷ ಕಳೆದ ಮೇಲೆ ಕೊಟ್ಟವರಿಗೆ ಮುಖ ತೋರಿಸಲು ನಾಚಿಕೆಯಾಗಿ ಫೋನ್ ಎತ್ತುವುದು ನಿಲ್ಲುತ್ತದೆ. ಫೋನ್ ಎತ್ತದಿರುವುದನ್ನು ಊರು ಮೋಸವೆಂದೇ ಓದುತ್ತದೆ. ಹಾಗಾಗಿ ₹4.5 ಲಕ್ಷದಲ್ಲಿ ಮೂರನೇ ಒಂದು ಭಾಗ, ಅಂದರೆ ₹1.5 ಲಕ್ಷವನ್ನು ಚಿತ್ರೀಕರಣದ ನಂತರದ ಕೆಲಸಕ್ಕೆಂದು ಮೊದಲ ದಿನವೇ ಬೇರೆ ಮಾಡಿ, ಸಣ್ಣ ಅವಧಿಯ ಠೇವಣಿಯಲ್ಲಿಡಿ. ಚಿತ್ರೀಕರಣಕ್ಕೆ ಏನೇ ಕಡಿಮೆ ಬಿದ್ದರೂ ಅದನ್ನು ಮುಟ್ಟುವುದಿಲ್ಲ ಎಂದು ಮನವಿ ಪತ್ರದಲ್ಲಿ ಬರೆಯಿರಿ, ಎರಡನೆಯ ಸಹಿದಾರರಿಗೂ ಅದನ್ನು ತಿಳಿಸಿ. ಎಡಿಟರ್ ಮತ್ತು ಸೌಂಡ್ ಡಿಸೈನರ್ ಯಾರು, ಅವರ ದಿನಾಂಕ ಯಾವುದು ಎಂಬುದನ್ನು ಚಿತ್ರೀಕರಣಕ್ಕೆ ಮುಂಚೆಯೇ ಗೊತ್ತು ಮಾಡಿಕೊಂಡು ಅವರಿಗೆ ಮುಂಗಡ ಕೊಟ್ಟಿರಿ. ಮೊದಲ ಸಲ ಕಳೆದುಕೊಂಡವರ ಮುಂದೆ ಈ ವ್ಯವಸ್ಥೆಯನ್ನು ವಿವರಿಸಿದರೆ, ಅವರ ಹಳೆಯ ನೋವಿಗೆ ನೀವು ನೇರವಾಗಿ ಉತ್ತರ ಕೊಟ್ಟಂತಾಗುತ್ತದೆ.

ಕೇಳುವ ಕಾಲವೂ ಮುಖ್ಯ. ನಿಮ್ಮ ಕಡೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಅದರ ಬೆನ್ನಿಗೆ ಫೆಬ್ರುವರಿ, ಮಾರ್ಚ್‌ವರೆಗೆ. ಕೊಯ್ಲಿನ ಹೊತ್ತಿಗೆ ಬೆಳೆಗಾರರ ತಲೆಯಲ್ಲಿ ಆಳುಗಳ ಚಿಂತೆ, ಕಣದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಮೋಡ ಕವಿಯುವ ಚಿಂತೆ ಬಿಟ್ಟು ಬೇರೇನೂ ಇರುವುದಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಮನೆಮನೆಗೆ ಹೋಗುವುದೇ ಕಷ್ಟ. ಕಾಫಿ ಮಾರಾಟವಾಗಿ ಕೈಯಲ್ಲಿ ಒಂದಿಷ್ಟು ಹಣವಿರುವ ಮಾರ್ಚ್, ಏಪ್ರಿಲ್ ನಿಮ್ಮ ಕಾಲ. ಆಗಲೂ ಹೂಮಳೆ, ಅಂದರೆ ಕಾಫಿ ಹೂ ಬಿಡಲು ಬೇಕಾದ ಮಳೆ, ತಡವಾದ ವಾರದಲ್ಲಿ ಹೋಗಬೇಡಿ. ಆದರೆ ನಿಮ್ಮ ಕಥೆಗೆ ಪೈರು ನಿಂತ ಗದ್ದೆ ಬೇಕು, ಅದು ಸಿಗುವುದು ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಹಣ ಕೊಟ್ಟವರು ನವೆಂಬರ್‌ವರೆಗೆ ಕ್ಯಾಮೆರಾವನ್ನೇ ನೋಡುವುದಿಲ್ಲ. ಈ ಆರು ತಿಂಗಳ ಮೌನವೇ ನಿಮ್ಮ ದೊಡ್ಡ ಶತ್ರು. ಯಾಕೆ ಕಾಯುತ್ತಿದ್ದೇವೆ ಎಂಬುದನ್ನು ಮೊದಲೇ ಹೇಳಿ. ಗದ್ದೆ ಮಾಡುವವರಿಗೆ ಆ ಕಾರಣ ಬೇಗ ಅರ್ಥವಾಗುತ್ತದೆ. ಪ್ರತಿ ತಿಂಗಳ ಮೊದಲ ವಾರ ಖಾತೆಯಲ್ಲಿ ಎಷ್ಟಿದೆ ಎಂಬ ಪುಟವನ್ನೂ ಆ ತಿಂಗಳು ಏನಾಯಿತು ಎಂಬ ನಾಲ್ಕು ಸಾಲನ್ನೂ ಎಲ್ಲರಿಗೂ ಕಳಿಸಿ. ಏನೂ ಆಗಿಲ್ಲದಿದ್ದರೆ "ಈ ತಿಂಗಳು ಏನೂ ಆಗಿಲ್ಲ, ಹಣ ಹಾಗೆಯೇ ಇದೆ" ಎಂದೇ ಕಳಿಸಿ.

ಎಷ್ಟು ಜನರನ್ನು ಕೇಳಬೇಕು ಎಂಬ ಲೆಕ್ಕವನ್ನೂ ಹಾಕಿಕೊಳ್ಳಿ. ತಲಾ ₹1,500 ಎಂದು ಹಿಡಿದರೆ 300 ಜನ ಕೊಡಬೇಕು. ಕೇಳಿದ ಮೂವರಲ್ಲಿ ಒಬ್ಬರು ಒಪ್ಪುತ್ತಾರೆ ಎಂದು ಧೈರ್ಯವಾಗಿ ಊಹಿಸಿದರೂ 900 ಜನರನ್ನು ಕೇಳಬೇಕು. ಇದು ಒಬ್ಬರ ಕೆಲಸವಲ್ಲ. ತಂಡದ ಪ್ರತಿಯೊಬ್ಬರೂ ತಮ್ಮ ಊರು, ತಮ್ಮ ಕಾಲೇಜು, ತಮ್ಮ ನೆಂಟರ ಪಟ್ಟಿ ಮಾಡಬೇಕು. ಸಾರ್ವಜನಿಕವಾಗಿ ಘೋಷಿಸುವ ಮೊದಲು, ಮನೆಯವರು ಮತ್ತು ನಿಮ್ಮೊಡನೆ ಕೆಲಸ ಮಾಡಿದವರಿಂದ ಕನಿಷ್ಠ ಕಾಲುಭಾಗ ಸೇರಿರಲಿ, ಮತ್ತು ನಿಮ್ಮ ಸ್ವಂತ ಹಣ ಎಷ್ಟು ಹಾಕಿದ್ದೀರಿ ಎಂಬುದು ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಖಾಲಿ ಪಟ್ಟಿಗೆ ಮೊದಲ ಹೆಸರು ಬರೆಸಲು ಎಲ್ಲರಿಗೂ ಅಳುಕು.

ಹಿರಿಯ ಬೆಳೆಗಾರರೊಬ್ಬರಿಗೆ ಭೇಟಿಯ ನಂತರ ಕಳಿಸಬಹುದಾದ ಪತ್ರದ ಮಾದರಿಯೊಂದನ್ನು ಇಲ್ಲಿ ಕೊಡುತ್ತೇನೆ:

"ನಮಸ್ಕಾರ ಸರ್. ಭಾನುವಾರ ಮನೆಗೆ ಬಂದು ದೃಶ್ಯ ತೋರಿಸಿದ್ದೆ. ಆನೆ ಹತ್ತಿರವಿದ್ದಾಗ ತಾಯಿ ಅಷ್ಟು ಜೋರಾಗಿ ಮಾತನಾಡುವುದಿಲ್ಲ ಎಂದು ತಾವು ಹೇಳಿದ್ದನ್ನು ಸರಿಪಡಿಸಿದ್ದೇನೆ. ಈ ಚಿತ್ರದಿಂದ ಲಾಭ ಬರುವುದಿಲ್ಲ, ಕೊಟ್ಟ ಹಣ ಹಿಂದಿರುಗುವುದಿಲ್ಲ. ಏಪ್ರಿಲ್ 30ರೊಳಗೆ ₹4.5 ಲಕ್ಷ ಪೂರ್ತಿ ಸೇರದಿದ್ದರೆ ಮಾತ್ರ ತಾವು ಕೊಟ್ಟದ್ದು ಹದಿನೈದು ದಿನಗಳಲ್ಲಿ ತಮ್ಮ ಖಾತೆಗೆ ವಾಪಸು ಬರುತ್ತದೆ. ಹಣ ತೆಗೆಯಲು ನನ್ನ ಜೊತೆ ಮೇಷ್ಟರ ಸಹಿಯೂ ಬೇಕು. ಬಜೆಟ್ಟಿನ ಎರಡು ಪುಟ ಇದರ ಜೊತೆಗಿದೆ. ತಮಗೆ ಹೆಚ್ಚೆನಿಸಿದ ಸಾಲು ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಬೇಕು."

ಇದರಲ್ಲಿ ಹಣ ಕೊಡಿ ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಭೇಟಿಯಲ್ಲಿ ಒಮ್ಮೆ ಕೇಳಿದ್ದೀರಿ, ಅಷ್ಟು ಸಾಕು. ಅವರ ಮಾತು ಚಿತ್ರದೊಳಗೆ ಹೋಗಿದೆ ಎಂಬುದು ಅವರಿಗೆ ತಲುಪಬೇಕು. ಆದರೆ ಇದು ನಟನೆಯಾಗಬಾರದು: ನಿಜವಾಗಿ ಸರಿಪಡಿಸಿದ್ದರೆ ಮಾತ್ರ ಬರೆಯಿರಿ.

ಪ್ರತಿಫಲದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟೀ ಶರ್ಟ್, ಮಗ್ ಮಾಡಿಸಿ ಅಂಚೆಯಲ್ಲಿ ಕಳಿಸುವುದರಲ್ಲಿ ಬಂದದ್ದರಲ್ಲೇ ಒಂದು ಪಾಲು ಹೋಗುತ್ತದೆ, ನಮ್ಮ ಕಡೆಯವರು ಅದಕ್ಕಾಗಿ ಕೊಡುವುದೂ ಇಲ್ಲ. ಚಿತ್ರದ ಕೊನೆಯಲ್ಲಿ ಹೆಸರು, ಕೊಟ್ಟವರಿಗಾಗಿಯೇ ಊರಿನಲ್ಲಿ ಒಂದು ಖಾಸಗಿ ಪ್ರದರ್ಶನ, ಇಷ್ಟು ಸಾಕು. ಸಾರ್ವಜನಿಕವಾಗಿ ತೋರಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆ ಎಂಬುದು ನೆನಪಿರಲಿ. ಹೆಸರನ್ನು ಮಾತ್ರ ಪ್ರತಿಯೊಬ್ಬರನ್ನೂ ಕೇಳಿ, ಅವರು ಹೇಳಿದಂತೆಯೇ ಬರೆಸಿ. ಹಲವರು ತಮ್ಮ ಹೆಸರು ಬೇಡ, ತೀರಿಕೊಂಡ ತಾಯಿಯದು ಹಾಕಿ ಎನ್ನುತ್ತಾರೆ. ತಾಯಿ ಮಗಳ ಕಥೆಗೆ ಅದು ತುಂಬ ಒಪ್ಪುತ್ತದೆ. ಕಾಗುಣಿತ ತಪ್ಪದಂತೆ ಎರಡು ಸಲ ನೋಡಿ.

ಹಣ ಕೊಡಲು ಒಲ್ಲೆ ಎಂದವರನ್ನು ಒತ್ತಾಯಿಸಬೇಡಿ, ಆದರೆ ಅಲ್ಲಿಗೇ ಎದ್ದು ಬರಲೂ ಬೇಡಿ. ಜೀಪು ಎರಡು ದಿನಕ್ಕೆ ಸಿಗುತ್ತದೆಯೇ, ತೋಟದ ಕೆಲಸಗಾರರಿಗೆಂದು ಕಟ್ಟಿಸಿ ಈಗ ಖಾಲಿ ಇರುವ ಲೈನ್ ಮನೆಯಲ್ಲಿ ಯೂನಿಟ್ ಉಳಿಯಬಹುದೇ, ಜನರೇಟರ್ ಕೊಡುತ್ತೀರಾ ಎಂದು ಕೇಳಿ. ನಗದಿನ ಬಗ್ಗೆ ಅನುಮಾನವಿರುವವರು ವಸ್ತುವಿನ ರೂಪದಲ್ಲಿ ಕೊಡಲು ಹಿಂದೆಗೆಯುವುದಿಲ್ಲ, ಏಕೆಂದರೆ ಜೀಪು ಎಲ್ಲಿ ಹೋಯಿತು, ಯಾವಾಗ ಬಂತು ಎಂಬುದು ಅವರ ಕಣ್ಣಿಗೆ ಕಾಣುತ್ತದೆ. ಅದರ ಬಾಡಿಗೆಯ ಬೆಲೆಯನ್ನು ಲೆಕ್ಕದಲ್ಲಿ ಅವರ ಹೆಸರಿನಲ್ಲಿಯೇ ತೋರಿಸಿ. ಚಿತ್ರೀಕರಣದ ಒಂದು ಸಂಜೆ ಬಂದು ನೋಡಲು ಕರೆಯಿರಿ. ನಿಂತು ನೋಡಿ ಹೋದವರಲ್ಲಿ ಕೆಲವರು ಮರುದಿನ ಹಣವನ್ನೂ ಕಳಿಸುತ್ತಾರೆ. ಕಳಿಸದಿದ್ದರೂ ಬೆಳಗಾಗುವಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿಸಿರುತ್ತಾರೆ.

ಕೊನೆಯದಾಗಿ, ಬಹುತೇಕ ಎಲ್ಲ ಹೊಸ ನಿರ್ದೇಶಕರೂ ಹೇಳಲು ಮರೆಯುವ ಒಂದು ಸಂಗತಿ. ನೀವು ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವಕ್ಕೆ, ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವಕ್ಕೆ, ಹೊರದೇಶದ ಉತ್ಸವಗಳಿಗೆ ಚಿತ್ರ ಕಳಿಸುವವರಿದ್ದೀರಿ. ಆಯ್ಕೆಯಾಗುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ. ಅದರ ಜೊತೆಗೆ, ಅಂತರ್ಜಾಲದಲ್ಲಿ ಈಗಾಗಲೇ ಬಿಡುಗಡೆಯಾದ ಚಿತ್ರವನ್ನು ತೆಗೆದುಕೊಳ್ಳದ ಉತ್ಸವಗಳು ಸಾಕಷ್ಟಿವೆ ಎಂಬುದನ್ನೂ ವಿವರಿಸಿ. ಚಿತ್ರ ಮುಗಿದ ಮೇಲೂ ವರ್ಷದವರೆಗೆ ಅದು ಯೂಟ್ಯೂಬಿನಲ್ಲಿ ಕಾಣುವುದಿಲ್ಲ. ಊರಿನವರು ಹುಡುಕುತ್ತಾರೆ, ಸಿಗುವುದಿಲ್ಲ, "ಇದೂ ಹಾಗೇ ಆಯ್ತು" ಎನ್ನುತ್ತಾರೆ. ಎಲ್ಲವನ್ನೂ ಸರಿಯಾಗಿ ಮಾಡಿದ ನಿರ್ದೇಶಕರೂ ಈ ಹಂತದಲ್ಲಿ ಹೆಸರು ಕೆಡಿಸಿಕೊಂಡದ್ದನ್ನು ನೋಡಿದ್ದೇನೆ. ಆದ್ದರಿಂದ ಮನವಿ ಪತ್ರದ ಮೊದಲ ಪುಟದಲ್ಲಿಯೇ, ಖಾತೆಯ ಸಂಖ್ಯೆಗಿಂತ ಮೇಲೆ, ಹೀಗೆ ಬರೆದುಬಿಡಿ: "ಚಿತ್ರ ಮುಗಿದ ಒಂದು ತಿಂಗಳೊಳಗೆ ಊರಿನಲ್ಲಿ ನಿಮಗೆ ತೋರಿಸುತ್ತೇವೆ, ಬರಲಾಗದವರಿಗೆ ಪಾಸ್‌ವರ್ಡ್ ಇರುವ ಲಿಂಕ್ ಕಳಿಸುತ್ತೇವೆ, ಉತ್ಸವಗಳ ಸುತ್ತು ಮುಗಿದ ಮೇಲೆ, ಅಂದರೆ ಸುಮಾರು ಒಂದು ವರ್ಷದ ನಂತರ, ಎಲ್ಲರಿಗೂ ಯೂಟ್ಯೂಬಿನಲ್ಲಿ ಸಿಗುತ್ತದೆ."